ಬಾಯಾರಿಗೆ ಪತ್ರ: ಚಹಾ, ಮಸಾಲೆ ಚಹಾ ಮತ್ತು ಬಸಿ

ಹೋದ ತಿಂಗಳು ಇದೇ ಪುಟದಲ್ಲಿ ರಕ್ತಹೀನತೆಯ ಬಗ್ಗೆ ಬರೆಯುವಾಗ ಕೊನೆಗೆ ಒಂದು ಸಾಲು ಸೇರಿಸಿದ್ದೆ: ‘ಊಟದ ಬೆನ್ನಿಗೇ ಚಹಾ ಬೇಡ.’ ಅಷ್ಟಕ್ಕೇ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗೆ ಸಿಟ್ಟು ಬಂದ ಹಾಗಿದೆ. ತಂಬಾಕು ಬಿಡಿರಿ ಅಂದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಒಬ್ಬರು ‘ಬಾಯಾರ, ನೀವು ಚಹಾ ಕುಡಿಯೂದಿಲ್ಲೇನು?’ ಅಂತ ಒಂದೇ ಸಾಲಿನ ಕಾರ್ಡು ಹಾಕಿದ್ದಾರೆ. ಕುಡೀತೀನ್ರಿ. ದಿನಕ್ಕೆ ಮೂರು. ಹುಬ್ಬಳ್ಳಿಯ ಹಳೇ ಊರೊಳಗೆ ಡಾಕ್ಟರ ಬಾಯಾರು ಅನ್ನಿಸಿಕೊಂಡು 31 ವರ್ಷ ದವಾಖಾನೆ ನಡೆಸಿ, ಈಗ ಧಾರವಾಡದ ಮಳೆಯಲ್ಲಿ ಕೂತು ಪತ್ರ ಓದುವವಳು ಚಹಾ ಇಲ್ಲದೆ ಇದ್ದೇನೆ ಅಂದರೆ ನಮ್ಮ ಪೇಷಂಟುಗಳೇ ನಗುತ್ತಾರೆ. ನಾನು ತಕರಾರು ಮಾಡುವುದು ಚಹಾದ ವೇಳೆ, ಅದರ ಸಕ್ಕರೆ, ಅದರ ಬಿಸಿ, ಈ ಮೂರರ ಮೇಲೆ. ಈ ಸಲ ಪುಟದ ತುಂಬ ಅದೇ.

ಬಾಯಾರ, ನನ್ನ ರಕ್ತ 8.6 ಇತ್ತು. ಕಬ್ಬಿಣದ ಗುಳಿಗಿ ಮೂರು ತಿಂಗಳು ತಪ್ಪದ ನುಂಗೀನಿ. ಈಗ ನೋಡಿದ್ರ 8.9. ನಾವು ನೇಕಾರರು, ಮನಿಯೊಳಗ ಮಗ್ಗ ಐತಿ. ಉಂಡ ಕೂಡಲೇ ಒಂದು ಚಹಾ ಕುಡದು ಮತ್ತ ಮಗ್ಗಕ್ಕ ಕುಂಡ್ರತೀವಿ. ನೀವು ಬರದದ್ದು ಓದಿ ಸಂಶೆ ಬಂತು. ಚಹಾದಿಂದನ ಹಿಂಗಾಗಿರಬಹುದೇನು?
– ಒಬ್ಬಾಕಿ ಓದುಗಳು, ಬೆಟಗೇರಿ

ಆಗಿರಬಹುದು ಅಕ್ಕಾ. ಗುಳಿಗೆ ಸರಿಯಾಗಿ ಮೈಗೆ ಹತ್ತಿದ್ದರೆ ಒಂದು ತಿಂಗಳಿಗೆ ಒಂದು ಗ್ರಾಂನಷ್ಟಾದರೂ ರಕ್ತ, ಅಂದರೆ ಹಿಮೋಗ್ಲೋಬಿನ್, ಏರಬೇಕು. ಮೂರು ತಿಂಗಳಿಗೆ 0.3 ಅಂದರೆ ಗುಳಿಗೆ ಹೊಟ್ಟೆಗೆ ಹೋಗಿದೆ, ರಕ್ತಕ್ಕೆ ಹೋಗಿಲ್ಲ.

ಇದರಲ್ಲಿ ನನ್ನದೊಂದು ತಪ್ಪಿನ ಕತೆ ಇದೆ. ದುರ್ಗದ ಬೈಲಿನಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ರಕ್ತ ಎಂಟರ ಕೆಳಗೆ. ನಾನು ಮೂರು ಸಲ ಗುಳಿಗೆ ಬದಲಿಸಿದೆ, ಜಂತಿಗೆ ಔಷಧ ಕೊಟ್ಟೆ, ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇನೋ ಅಂತ ಕೇಳಿದೆ. ಏನೂ ಸಿಗಲಿಲ್ಲ. ಕೊನೆಗೆ ಆಕೆಯ ಕಾರ್ಡಿನ ಮೇಲೆ ‘ಗುಳಿಗೆ ನುಂಗುತ್ತಿಲ್ಲ’ ಅಂತ ಬರೆದೆ, ಆಕೆಯೆದುರಿಗೇ ಎರಡು ಮಾತು ಜೋರಾಗಿಯೂ ಅಂದೆ. ಆವತ್ತು ಸಂಗಡ ಬಂದಿದ್ದ ಎಂಟು ವರ್ಷದ ಮಗಳು, ‘ಅವ್ವ ದಿನಾ ನುಂಗ್ತಾಳ್ರಿ, ಗುಳಿಗಿ ನುಂಗಾಕಂತ ನಾನ ಚಹಾ ತಂದ ಕೊಡ್ತೀನಿ’ ಅಂದಳು. ನೀರಿನ ಜೊತೆ ನುಂಗಿದರೆ ಬಾಯೆಲ್ಲ ಕಬ್ಬಿಣ ಕಬ್ಬಿಣ ಆಗಿ ವಾಂತಿ ಬರುವ ಹಾಗಾಗುತ್ತಿತ್ತಂತೆ, ಅದಕ್ಕೆ ಚಹಾ. ‘ಊಟ ಆದ ಮೇಲೆ’ ಅಂತ ನಾನು ಹೇಳಿದ್ದೆನೇ ಹೊರತು, ಯಾವುದರ ಜೊತೆ ಅಂತ ಒಂದು ದಿನವೂ ಹೇಳಿರಲಿಲ್ಲ, ಕೇಳಿರಲೂ ಇಲ್ಲ. ಲಿಂಬಿಹಣ್ಣಿನ ನೀರಿನ ಜೊತೆ ನುಂಗಲು ಹೇಳಿದ ಮೇಲೆ ಎರಡೇ ತಿಂಗಳಲ್ಲಿ ರಕ್ತ ಏರತೊಡಗಿತು. ಕಾರ್ಡಿನ ಮೇಲಿನ ಆ ಸಾಲನ್ನು ಆಕೆಯ ಎದುರಿಗೇ ಹೊಡೆದುಹಾಕಿದೆ. ಅಂದಿನಿಂದ ಯಾರಿಗೆ ಯಾವ ಗುಳಿಗೆ ಕೊಟ್ಟರೂ ‘ಯಾವುದರ ಕೂಡ ನುಂಗ್ತೀರಿ?’ ಅಂತ ಕೇಳುವುದು ಚಟವಾಗಿ ಹೋಯಿತು.

ಆಗುವುದೇನು ಅಂದರೆ, ಚಹಾದ ಒಗರು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಕರುಳು ಅದನ್ನು ಹೀರಲು ಬಿಡುವುದಿಲ್ಲ. ನಂಬಿಕೆ ಬರದಿದ್ದರೆ ಒಂದು ಕಬ್ಬಿಣದ ಗುಳಿಗೆಯನ್ನು ಪುಡಿ ಮಾಡಿ, ಹಾಲು ಹಾಕದ ಚಹಾದೊಳಗೆ ಹಾಕಿ ಕಲಕಿರಿ. ಶಾಯಿಯ ಹಾಗೆ ಕಪ್ಪಾಗುತ್ತದೆ. ಶಾಯಿಯ ಹಾಗೆ ಅಂತ ಸುಮ್ಮನೆ ಹೇಳಲಿಲ್ಲ. ನಮ್ಮ ಹಿರಿಯರು ಅಳಲೆಕಾಯಿಯ ಒಗರಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಬೆರೆಸಿಯೇ ಶಾಯಿ ಮಾಡುತ್ತಿದ್ದರು. ನೂಲಿಗೆ ಕರೀ ಬಣ್ಣ ಹಾಕುವ ಹಳೇ ಪದ್ಧತಿಯೂ ಅದೇ. ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳಿಯಾರು. ಆ ಕೆಲಸ ನಿಮ್ಮ ಹೊಟ್ಟೆಯೊಳಗೆ ನಡೆಯುವುದು ಬೇಡ.

ರೊಟ್ಟಿ, ಹೆಸರುಕಾಳು, ಮಡಕಿಕಾಳು, ಸೊಪ್ಪು, ಇವುಗಳಲ್ಲಿರುವ ಕಬ್ಬಿಣಕ್ಕೂ ಚಹಾ ಇದನ್ನೇ ಮಾಡುತ್ತದೆ. ಮಾಂಸದ ಕಬ್ಬಿಣಕ್ಕೆ ಇಷ್ಟು ತೊಂದರೆ ಇಲ್ಲ, ಆದರೆ ಅದನ್ನು ತಿನ್ನದ ಮನೆಗಳೂ ನಮ್ಮಲ್ಲಿ ಬಹಳ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲೂ ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಚಹಾ ಕಾಫಿ ಬೇಡ ಅಂತಲೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಇಷ್ಟಕ್ಕೆಲ್ಲ ಚಹಾ ಒಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಇದ್ದಷ್ಟು ಕಬ್ಬಿಣವನ್ನೂ ಕಳಕೊಳ್ಳುವುದು ಯಾಕೆ?

ಮಗ್ಗಕ್ಕೆ ಕೂಡುವ ಮೊದಲು ಬಾಯಿಗೆ ಏನಾದರೂ ಬೇಕೇ ಬೇಕು ಅಂದರೆ ಒಂದು ಪೇರಲ ಹಣ್ಣೋ, ಲಿಂಬಿಹಣ್ಣಿನ ಪಾನಕವೋ ಆಗಲಿ. ಹುಳಿ ಹಣ್ಣಿನ ಸಿ ಜೀವಸತ್ವ ಕಬ್ಬಿಣವನ್ನು ಒಳಗೆ ಕರಕೊಂಡು ಹೋಗುತ್ತದೆ. ಚಹಾವನ್ನು ಮೂರು ಗಂಟೆಗೆ ಮಗ್ಗ ನಿಲ್ಲಿಸಿ ಕುಡಿಯಿರಿ. ಎರಡು ತಿಂಗಳು ಹೀಗೆ ಮಾಡಿಯೂ ರಕ್ತ ಏರದಿದ್ದರೆ ಕಾರಣ ಬೇರೆ ಇದೆ, ಡಾಕ್ಟರ ಹತ್ತಿರ ಮತ್ತೊಮ್ಮೆ ಹೋಗಲೇಬೇಕು.

ನಾ ಬಸ್ ಡ್ರೈವರ್ ಅದೀನ್ರಿ, ಬಾಳ ಮಾಡಿ ರಾತ್ರಿ ರೂಟ್. ದಿನಕ್ಕ ಎಂಟೊಂಬತ್ತು ಚಹಾ ಆಗ್ತಾವ. ಎದಿ ಉರಿ ಭಾಳ. ‘ಸಾದಾ ಚಹಾ ಬಿಟ್ಟು ಮಸಾಲಿ ಚಹಾ ಕುಡಿ, ಶುಂಠಿ ಹೊಟ್ಟಿಗೆ ಚಲೋ’ ಅಂತಾರ ದೋಸ್ತರು. ಖರೇನ?
– ಹೆಸರು ಬ್ಯಾಡ, ಹುಬ್ಬಳ್ಳಿ

ತಮ್ಮಾ, ಒಂಬತ್ತು ಚಹಾ ಅಂದ ಕೂಡಲೇ ಹೆದರಿಸಬಾರದು ಅಂತ ಮೊದಲು ಅಳತೆ ಹಿಡಿದೆ. ನಮ್ಮ ಓಣಿಯ ಚಹಾದಂಗಡಿಯಿಂದ ಒಂದು ಖಾಲಿ ಗ್ಲಾಸು ಕೇಳಿ ತಂದು, 20 ಮಿಲಿಲೀಟರಿನ ಸಿರಿಂಜಿನಿಂದ ನೀರು ತುಂಬಿದೆ. ಮೂರು ಸಿರಿಂಜು ಪೂರಾ, ನಾಲ್ಕನೇದು ಅರ್ಧ. ಅಂದರೆ 70 ಮಿಲಿ. ರಾಷ್ಟ್ರೀಯ ಪೋಷಣಾ ಸಂಸ್ಥೆ 150 ಮಿಲಿ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಲೆಕ್ಕ ಹಿಡಿಯುತ್ತದೆ, ದಿನಕ್ಕೆ 300 ದಾಟಬಾರದು ಅನ್ನುತ್ತದೆ. ನಿಮ್ಮ ಒಂಬತ್ತು ಗ್ಲಾಸು ಸೇರಿ ಆ ಗೆರೆಯ ಒಳಗೇ ನಿಲ್ಲುತ್ತದೆ, ಅಂಗಡಿಯವನು ಕಡಕ್ ಮಾಡಿದರೆ ಗೆರೆಯ ಹತ್ತಿರ ಬರುತ್ತದೆ.

ಸಮಾಧಾನದ ಮಾತು ಇಲ್ಲಿಗೆ ಮುಗಿಯಿತು. ಅದೇ ಅಂಗಡಿಯವನಿಗೆ ಸಕ್ಕರೆ ಎಷ್ಟು ಹಾಕುತ್ತೀಯಪ್ಪಾ ಅಂದೆ. ಗ್ಲಾಸಿಗೆ ಒಂದೂವರೆ ಚಮಚದ ಲೆಕ್ಕ, ಕಡಿಮೆ ಹಾಕಿದರೆ ಗಿರಾಕಿ ಮರುದಿನ ಎದುರಿನ ಅಂಗಡಿಗೆ ಹೋಗ್ತಾರ ಅಂದ. ಒಂಬತ್ತಕ್ಕೆ ಹದಿಮೂರೂವರೆ ಚಮಚ. ಚಮಚಕ್ಕೆ ಐದು ಗ್ರಾಂ ಹಿಡಿದರೂ 65 ಗ್ರಾಂ ದಾಟಿತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಚಲೋ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ತಾಸುಗಟ್ಟಲೆ ಸೀಟಿನ ಮೇಲೆ ಕೂತಿರುವ ಮನುಷ್ಯನಿಗೆ ಚಹಾಪುಡಿಗಿಂತ ಆ ಸಕ್ಕರೆಯದೇ ಕಾಟ ಹೆಚ್ಚು.

ಎದೆ ಉರಿಗೆ ಬರೋಣ. ಅನ್ನನಾಳದ ತುದಿಗೆ ಒಂದು ಬಿಗಿ ಇರುತ್ತದೆ, ಹೊಟ್ಟೆಯ ಆಮ್ಲ ಮೇಲೆ ಬರದ ಹಾಗೆ. ಕೆಫೀನ್ ಆ ಬಿಗಿಯನ್ನು ಸಡಿಲಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಕಡಕ್ ಚಹಾ, ಜೊತೆಗೆ ಮಿರ್ಚಿ, ಆಮೇಲೆ ಬಾಗಿ ಕೂತು ಗಾಡಿ ಓಡಿಸುವುದು, ಉರಿಯದೆ ಏನಾದೀತು? ಶುಂಠಿ ಹೊಟ್ಟೆ ತೊಳಸುವುದಕ್ಕೆ, ಪ್ರಯಾಣದಲ್ಲಿ ವಾಂತಿ ಬರುವ ಹಾಗಾಗುವುದಕ್ಕೆ ಒಳ್ಳೆಯದು. ಎದೆ ಉರಿಗೆ ಮಾತ್ರ ಅದು ಎರಡೂ ಕಡೆ ಆಡುತ್ತದೆ, ಜಾಸ್ತಿ ಬಿದ್ದರೆ ಅದೇ ಉರಿಸುತ್ತದೆ. ಮಸಾಲೆ ಚಹಾದ ನೆಪದಲ್ಲಿ ಒಂಬತ್ತು ಹತ್ತಾಗುವುದು ಬೇಡ. ಮುಂಜಾನೆಯದು ಏನಾದರೂ ತಿಂದ ಮೇಲೆ ಆಗಲಿ, ಒಟ್ಟು ಐದಕ್ಕೆ ಇಳಿಯಲಿ, ಸಕ್ಕರೆ ಅರ್ಧವಾಗಲಿ.

ಇನ್ನೊಂದು ಮಾತು. ರಾತ್ರಿ 11ಕ್ಕೆ ಕುಡಿದ ಚಹಾದ ಕೆಫೀನ್ ನಸುಕಿನ 4ರ ಹೊತ್ತಿಗೂ ಅರ್ಧದಷ್ಟು ರಕ್ತದಲ್ಲಿರುತ್ತದೆ. ಅದಕ್ಕೇ ಮನೆಗೆ ಬಂದು ಮಲಗಿದರೂ ನಿದ್ದೆ ಹತ್ತುವುದಿಲ್ಲ, ಮರುದಿನ ಮತ್ತೆ ಚಹಾ ಬೇಕು. ಕಣ್ಣು ಎಳೆಯಲು ಶುರುವಾದರೆ ಗಾಡಿ ಬದಿಗೆ ಹಾಕಿ ಹದಿನೈದು ನಿಮಿಷ ಮಲಗುವುದೇ ಔಷಧ. ಚಹಾ ಕಣ್ಣು ತೆರೆಸುತ್ತದೆ, ದಣಿವು ತೆಗೆಯುವುದಿಲ್ಲ. ಎದೆ ಉರಿ ಅನ್ನುತ್ತಿರುವುದು ಎಡಗೈಗೋ ದವಡೆಗೋ ಹರಿದರೆ, ಬೆವರು ಬಂದರೆ, ಆವಾಗ ಗ್ಯಾಸು ಅಂತ ಸೋಡಾ ಕುಡಿಯುತ್ತ ಕೂಡಬೇಡ. ನೇರ ಇಸಿಜಿ ಮಾಡಿಸು.

ನಮ್ಮಾಕೆ ನನ್ನ ಶುಗರಿಗೆ ಅಂತ ಸಕ್ಕರೆ ನಿಲ್ಲಿಸಿ ಬೆಲ್ಲದ ಚಹಾ ಕೊಡುತ್ತಾಳೆ. ನಾಲ್ಕು ತಿಂಗಳಾಯಿತು, ಶುಗರ್ ಇಳಿದಿಲ್ಲ. ಅದಲ್ಲದೆ ವಾರಕ್ಕೆರಡು ಸಲ ಚಹಾ ಒಡೆಯುತ್ತದೆ.
– ನಿವೃತ್ತ ಶಿಕ್ಷಕ, ಧಾರವಾಡ

ಸರ್, ಎರಡನೇ ಸಮಸ್ಯೆಗೆ ಪಕ್ಕಾ ಪರಿಹಾರ ಇದೆ. ಬೆಲ್ಲದ ಹುಳಿಗೆ, ಅದರ ಉಪ್ಪುಗಳಿಗೆ ಕುದಿಯುವ ಹಾಲು ಒಡೆಯುತ್ತದೆ. ಒಲೆ ಆರಿಸಿ ಕೆಳಗಿಳಿಸಿದ ಮೇಲೆ ಪುಡಿ ಬೆಲ್ಲ ಹಾಕಿ ಕಲಕಲು ಹೇಳಿರಿ.

ಮೊದಲನೇದಕ್ಕೆ ಪರಿಹಾರ ಬೆಲ್ಲದಲ್ಲಿಲ್ಲ. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸಕ್ಕರೆಯೇ. ಬಣ್ಣ ಬೇರೆ, ರುಚಿ ಬೇರೆ, ಒಂದಿಷ್ಟು ಖನಿಜ ಇದೆ. ರಕ್ತಕ್ಕೆ ಹೋದ ಮೇಲೆ ಮೀಟರು ಇವೆರಡನ್ನೂ ಗುರುತು ಹಿಡಿಯುವುದಿಲ್ಲ. ಬೆಲ್ಲದ ಸಿಹಿ ಸ್ವಲ್ಪ ಮಂದ ಅಂತ ಇನ್ನೊಂದು ಚೂರು ಹೆಚ್ಚೇ ಬೀಳುತ್ತದೆ. ಈಗ ಹುಬ್ಬಳ್ಳಿ–ಧಾರವಾಡದ ಯಾವ ರಸ್ತೆಗೆ ಹೋದರೂ ‘ಬೆಲ್ಲದ ಚಹಾ’ ಬೋರ್ಡು ಕಾಣುತ್ತದೆ, ಕೆಳಗೆ ‘ಆರೋಗ್ಯಕ್ಕೆ ಉತ್ತಮ’ ಅಂತ ಬೇರೆ. ರುಚಿಗೆ ಉತ್ತಮ ಅಂತ ಬರೆದಿದ್ದರೆ ನನ್ನ ತಕರಾರಿರಲಿಲ್ಲ. ನಿಮ್ಮ ಮನೆಯಲ್ಲಿ ಇದನ್ನು ಹೇಳುವಾಗ ಮೆಲ್ಲಗೆ ಹೇಳಿರಿ; ಪಾಪ, ನಾಲ್ಕು ತಿಂಗಳು ಪ್ರೀತಿಯಿಂದ ಕುಟ್ಟಿ ಹಾಕಿದ್ದಾರೆ. ಸಿಹಿಯನ್ನು ವಾರಕ್ಕೆ ಕಾಲು ಚಮಚದ ಹಾಗೆ ಇಳಿಸುತ್ತ ಬಂದರೆ ನಾಲಿಗೆಗೆ ಜಗಳ ಆಗುವುದಿಲ್ಲ. ಆ ಜಾಗಕ್ಕೆ ಯಾಲಕ್ಕಿ ಹಾಕಲಿ, ಅದರ ಪರಿಮಳಕ್ಕೆ ಸಿಹಿ ಇದೆ ಅನ್ನಿಸುತ್ತದೆ.

ತೂಕ ಇಳಿಸಲಿಕ್ಕೆ ಗ್ರೀನ್ ಟೀ ಗುಳಿಗೆ ಆನ್‌ಲೈನ್‌ನಲ್ಲಿ ಸಿಗುತ್ತವೆ. ತರಿಸಲೇ? ನಮ್ಮ ಹಾಲಿನ ಚಹಾದಲ್ಲಿ ಏನಾದರೂ ಒಳ್ಳೆಯದು ಇದೆಯೋ ಇಲ್ಲವೋ?
– ಕಾಲೇಜು ವಿದ್ಯಾರ್ಥಿನಿ, ರಾಣೇಬೆನ್ನೂರು

ಗುಳಿಗೆ ತರಿಸಬೇಡ. ಗ್ರೀನ್ ಟೀಯ ಸಾರವನ್ನು ಗಟ್ಟಿ ಮಾಡಿ ಗುಳಿಗೆಯಲ್ಲಿ ತುಂಬಿರುತ್ತಾರೆ. ಅದರ ಮುಖ್ಯ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ, ಅಂದರೆ ಲಿವರಿಗೆ, ಪೆಟ್ಟು ಬೀಳುವ ಲಕ್ಷಣ ಕಾಣುತ್ತವೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ. ಕಪ್ಪಿನಲ್ಲಿ ಕುಡಿಯುವ ಗ್ರೀನ್ ಟೀಗೆ ಆ ಭಯ ಇಲ್ಲ. ಹಾಗಂತ ಅದರಿಂದ ಹೇಳಿಕೊಳ್ಳುವ ಹಾಗೆ ತೂಕವೂ ಇಳಿಯುವುದಿಲ್ಲ.

ಗ್ರೀನ್ ಟೀ ಬೇರೆ ಗಿಡ ಅಂತ ತಿಳಿದವರೇ ಬಹಳ. ಎರಡೂ ಒಂದೇ ಗಿಡದ ಎಲೆ. ಕೊಯ್ದ ಕೂಡಲೇ ಬಿಸಿ ತಾಗಿಸಿ ಒಣಗಿಸಿದರೆ ಹಸಿರು; ಅರೆದು, ಗಾಳಿಗೆ ಕಪ್ಪಾಗಲು ಬಿಟ್ಟು ಒಣಗಿಸಿದರೆ ನಮ್ಮ ಚಹಾಪುಡಿ. ಕಪ್ಪಾಗುವಾಗ ಕೆಲವು ಒಳ್ಳೆಯ ಅಂಶ ರೂಪ ಬದಲಿಸುತ್ತವೆ, ಪೂರಾ ಸಾಯುವುದಿಲ್ಲ. ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರನ್ನು ಹತ್ತು ವರ್ಷಕ್ಕೂ ಮೇಲೆ ಗಮನಿಸಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನಕ್ಕೆ ಎರಡು ಕಪ್ಪು ಅಥವಾ ಹೆಚ್ಚು ಚಹಾ ಕುಡಿಯುವವರಲ್ಲಿ ಸಾವಿನ ಪ್ರಮಾಣ ಕುಡಿಯದವರಿಗಿಂತ ನೂರಕ್ಕೆ 9ರಿಂದ 13ರಷ್ಟು ಕಡಿಮೆ ಕಂಡಿತ್ತು. ಅಲ್ಲಿಯವರು ಕುಡಿಯುವುದೂ ಬಹುತೇಕ ಕರೀ ಚಹಾಪುಡಿಯದೇ. ಹಾಲು ಹಾಕಿದರೂ ಲೆಕ್ಕ ಬದಲಾಗಲಿಲ್ಲ. ಚಹಾದಿಂದಲೇ ಆಯುಷ್ಯ ಬೆಳೆಯಿತು ಅಂತ ಇದರಿಂದ ಸಿದ್ಧವಾಗುವುದಿಲ್ಲ. ಚಹಾ ಕುಡಿಯುವವರ ಬದುಕಿನಲ್ಲಿ ಬೇರೆ ಏನೋ ಚಲೋ ಇದ್ದಿರಬಹುದು. ಆದರೆ ಸಾದಾ ಚಹಾವನ್ನು ವಿಷದ ಹಾಗೆ ನೋಡುವ ಕಾರಣವಂತೂ ಇಲ್ಲ. ಹಾಗೆಯೇ ಅದರ ಜೊತೆ ಬಟರು, ಖಾರಿ, ಟೋಸ್ಟು ಎಷ್ಟು ಹೋಗುತ್ತವೆ ಅಂತ ಒಂದು ವಾರ ಬರೆದಿಡು. ತೂಕದ ಉತ್ತರ ಆ ಚೀಟಿಯಲ್ಲಿ ಸಿಕ್ಕೀತು.

ನಮ್ಮ ಮನೆಯಲ್ಲಿ ಚಹಾ ಮಸಾಲೆ ನಾನೇ ಕುಟ್ಟುತ್ತೇನೆ: ಶುಂಠಿ, ಯಾಲಕ್ಕಿ, ಲವಂಗ, ದಾಲ್ಚಿನ್ನಿ, ಮೆಣಸು, ಜೇಷ್ಠಮಧು. ಯಾವುದರಿಂದ ಏನು ಲಾಭ, ಬಿಡಿಸಿ ಬರೆಯಿರಿ. ನಮ್ಮವರಿಗೆ ಬಿಪಿ ಇದೆ.
– ಗೃಹಿಣಿ, ಹಾವೇರಿ

ನೀವು ಕೊನೆಗೆ ಬರೆದ ಎರಡು ಸಂಗತಿ ಕೂಡಿ ಬಂದದ್ದೇ ನನಗೆ ಕಳವಳ. ಜೇಷ್ಠಮಧುವನ್ನು ಇವತ್ತೇ ತೆಗೆಯಿರಿ. ಅದರ ಸಿಹಿಯ ಅಂಶ ಮೈಯೊಳಗೆ ಉಪ್ಪು ಮತ್ತು ನೀರು ನಿಲ್ಲುವ ಹಾಗೆ ಮಾಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರಿಸುತ್ತದೆ. ಗಂಟಲು ಕೆಟ್ಟಾಗ ಎರಡು ದಿನ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ತೊಂದರೆಯಿಲ್ಲ. ದಿನಾ ನಾಲ್ಕು ಚಹಾದಲ್ಲಿ ವರ್ಷಗಟ್ಟಲೆ ಹೋದರೆ ಬೇರೆ ಮಾತು. ನನ್ನ ಹತ್ತಿರ ಒಬ್ಬ ಕಿರಾಣಿ ವ್ಯಾಪಾರಿ ಬರುತ್ತಿದ್ದರು, ಬಿಪಿಗೆ ಮೂರು ಗುಳಿಗೆ ಆದರೂ 160ರ ಕೆಳಗೆ ಇಳಿಯುತ್ತಿರಲಿಲ್ಲ, ಕಾಲು ಸೋತು ಬರುತ್ತವೆ ಅನ್ನುತ್ತಿದ್ದರು. ಅವರ ಅಂಗಡಿಯಲ್ಲೇ ಸಿಗುತ್ತಿತ್ತು, ಹಾಗಾಗಿ ಚಹಾಕ್ಕೆ ಅದೇ ಬೇರನ್ನು ಧಾರಾಳ ಹಾಕಿ ಕುದಿಸುತ್ತಿದ್ದರು. ನಿಲ್ಲಿಸಿದ ಮೇಲೆ ಒಂದು ಗುಳಿಗೆಯನ್ನೇ ಕಡಿಮೆ ಮಾಡಬೇಕಾಯಿತು.

ಇನ್ನು ಉಳಿದವು. ನಿಮ್ಮ ಊರು ಯಾಲಕ್ಕಿ ಹಾರಕ್ಕೆ ಹೆಸರಾದದ್ದು. ಹಾವೇರಿಯಲ್ಲಿ ಪೋಣಿಸಿದ ಹಾರ ಎಲ್ಲೆಲ್ಲಿಯ ಸಭೆಗಳಲ್ಲೋ ಕೊರಳಿಗೆ ಬೀಳುತ್ತದೆ. ಆ ವಾಸನೆ ಕೊಡುವ ಎಣ್ಣೆ ಕಾಳಿನಲ್ಲಿದೆ, ಸಿಪ್ಪೆಯಲ್ಲಿ ಬಹಳ ಕಡಿಮೆ. ಕಾಳು ಬಿಡಿಸಿ ಕಲಬತ್ತಿನಲ್ಲಿ ಅದೇ ಹೊತ್ತಿಗೆ ಜಜ್ಜಿ, ಚಹಾ ಇಳಿಸುವ ಸ್ವಲ್ಪ ಮೊದಲು ಹಾಕಿದರೆ ಎರಡು ಕಾಳೂ ಸಾಕು. ತಿಂಗಳಿಗಾಗುವಷ್ಟು ಕುಟ್ಟಿ ಡಬ್ಬಿಯಲ್ಲಿಟ್ಟರೆ ಪರಿಮಳವೆಲ್ಲ ಡಬ್ಬಿಗೇ ಹೋಗುತ್ತದೆ. ಬಾಯಿಯ ವಾಸನೆಗೆ, ಉಂಡದ್ದು ಭಾರವಾದಾಗ ಹಗುರ ಅನ್ನಿಸಲು ಯಾಲಕ್ಕಿ ಚಲೋ.

ಇವೆಲ್ಲವುಗಳಲ್ಲಿ ಹೆಚ್ಚು ಪರೀಕ್ಷೆಗೆ ನಿಂತದ್ದು ಶುಂಠಿ. ಬಸುರಿಯರ ವಾಂತಿ, ಓಕರಿಕೆಗೆ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಅದಕ್ಕೆ ಚಹಾಪುಡಿಯೂ ಬೇಡ, ಬಿಸಿನೀರಿನಲ್ಲಿ ನಾಲ್ಕು ತೆಳು ಹೋಳು ಸಾಕು. ಒಣಗಿದ ಶುಂಠಿ ಹಸಿಯದಕ್ಕಿಂತ ಖಾರ, ಯಾಕಂದರೆ ಒಣಗುವಾಗ ಅದರ ಖಾರದ ಅಂಶವೇ ಬೇರೆ ರೂಪಕ್ಕೆ ತಿರುಗುತ್ತದೆ. ಹಸಿ ಶುಂಠಿ ಹಾಕುತ್ತಿದ್ದಷ್ಟೇ ಒಣಶುಂಠಿ ಹಾಕಿದರೆ ಗಂಟಲು ಹಿಡಿದೀತು. ಲವಂಗದ ಎಣ್ಣೆ ಹಲ್ಲಿನ ಡಾಕ್ಟರರ ಹತ್ತಿರವೂ ಇರುತ್ತದೆ, ನೋವು ಮರಗಟ್ಟಿಸುವ ಗುಣ ಅದಕ್ಕೆ. ಗಂಟಲ ಕೆರೆತಕ್ಕೆ ಹಿತ ಅನ್ನಿಸುವುದೂ ಅದರಿಂದಲೇ. ದಾಲ್ಚಿನ್ನಿಯಲ್ಲಿ ಎರಡು ಜಾತಿ. ನಮ್ಮ ಪೇಟೆಯಲ್ಲಿ ದಪ್ಪ, ಒರಟು ಚಕ್ಕೆಯಾಗಿ ಸಿಗುವುದು ಬಹಳ ಮಾಡಿ ಕ್ಯಾಸಿಯಾ. ಅದರಲ್ಲಿ ಕೂಮರಿನ್ ಅನ್ನುವ ಅಂಶ ಹೆಚ್ಚು, ದಿನಾ ಚಮಚಗಟ್ಟಲೆ ತಿಂದರೆ ಲಿವರಿಗೆ ಒಳ್ಳೆಯದಲ್ಲ. ಶುಗರಿಗೆ ಅಂತ ಪುಡಿ ಮಾಡಿ ನುಂಗುವವರಿಗೆ ಈ ಮಾತು. ಚಹಾಕ್ಕೆ ಉಗುರಿನಷ್ಟು ಚೂರು ಹಾಕುವವರಿಗೆ ಅಲ್ಲ. ಮೆಣಸಿಗೆ ಹೆಚ್ಚು ಹೇಳುವುದಿಲ್ಲ, ನೆಗಡಿಯಲ್ಲಿ ಮೂಗು ಹರಿಸುತ್ತದೆ, ಅದೇ ಅದರ ಉಪಕಾರ.

ಒಂದು ಕಪ್ಪಿನೊಳಗೆ ಬೀಳುವ ಮಸಾಲೆ ಚಿಟಿಕೆಯಷ್ಟು. ಅಷ್ಟರಿಂದ ರೋಗ ವಾಸಿಯಾಗುವುದಿಲ್ಲ, ಮಳೆಗಾಲದ ಸಂಜೆ ಜೀವಕ್ಕೆ ಹಾಯ್ ಅನ್ನಿಸುತ್ತದೆ. ನನ್ನ ಮಟ್ಟಿಗೆ ಅದೂ ಆರೋಗ್ಯವೇ. ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರು ಮಾತ್ರ ಶುಂಠಿ, ದಾಲ್ಚಿನ್ನಿಯ ಕಷಾಯವನ್ನು ಲೋಟಗಟ್ಟಲೆ ಕುಡಿಯುವ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು.

ಇನ್ನು ಕೆಲವು ಪತ್ರಗಳಿಗೆ ಗಡಿಬಿಡಿಯಲ್ಲಿ ಉತ್ತರ.

ಥೈರಾಯ್ಡ್ ಗುಳಿಗೆಯನ್ನು ಮುಂಜಾನೆ ಚಹಾದ ಜೊತೆ ನುಂಗುವ ನರಗುಂದದ ತಾಯಿಯವರೇ, ಬರೀ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ತಾಸು ಬಿಟ್ಟು ಚಹಾ ಕುಡಿಯಿರಿ. ಡೋಸು ಏರಿಸುವ ಮೊದಲು ಇದನ್ನು ಮಾಡಿ ನೋಡಬೇಕು.

ಮೂರು ವರ್ಷದ ಮೊಮ್ಮಗನಿಗೆ ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನಿಸುವ ಕುಂದಗೋಳದ ಅಜ್ಜಾರೇ, ಬೇಡ. ಐದು ವರ್ಷದ ಒಳಗಿನ ಮಕ್ಕಳಿಗೆ ಚಹಾ ಕಾಫಿ ಕೊಡಲೇಬಾರದು ಅಂತ ಭಾರತೀಯ ಮಕ್ಕಳ ವೈದ್ಯರ ಸಂಘವೂ ಹೇಳಿದೆ. ಅದೇ ಬಿಸ್ಕೀಟಿನ ಹೊತ್ತಿಗೆ ಒಂದು ಶೇಂಗಾ ಉಂಡಿ ಕೊಡಿರಿ, ಚೆನ್ನಾಗಿ ಪುಡಿ ಮಾಡಿ ಕಟ್ಟಿದ್ದು.

ಚಹಾ ಕುಡಿದರೆ ಬಣ್ಣ ಕಪ್ಪಾಗುತ್ತದೆಯೇ ಅಂತ ಮದುವೆ ನಿಶ್ಚಯವಾದ ಹುಡುಗಿಯೊಬ್ಬಳು ಕೇಳಿದ್ದಾಳೆ. ಇಲ್ಲ. ಹಾಗೆ ಹೇಳಿ ಹೆದರಿಸಿದ್ದು ಹಾಲು ಉಳಿಸಲಿಕ್ಕೆ ಅಂತ ನನ್ನ ಗುಮಾನಿ.

ಅಂಗಡಿಯ ಚಹಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಆಫೀಸಿಗೆ ತರುವವರು ಸ್ಟೀಲಿನ ಥರ್ಮಾಸು ಒಯ್ಯಿರಿ. ಕಾಗದದ ಕಪ್ಪಿನ ಒಳಗೂ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಬಿಸಿ ದ್ರವ 15 ನಿಮಿಷ ನಿಂತರೆ 100 ಮಿಲಿಗೆ ಸುಮಾರು 25,000 ಸೂಕ್ಷ್ಮ ಕಣ ಬಿಡುತ್ತದೆ ಅಂತ ಖರಗಪುರದ ಐಐಟಿಯವರು 2020ರಲ್ಲಿ ಎಣಿಸಿದ್ದಾರೆ. ಗಾಜಿನ ಗ್ಲಾಸು ತೊಳೆಯುವ ಬಕೆಟ್ಟಿನ ನೀರು ನೋಡಿ ಕಾಗದದ ಕಪ್ಪು ಬೇಡುವವರ ಸಂಕಟವೂ ನನಗೆ ಗೊತ್ತು. ನಿಮ್ಮದೇ ಒಂದು ಸ್ಟೀಲ್ ಲೋಟ ಚೀಲದಲ್ಲಿ ಇಟ್ಟುಕೊಳ್ಳಿರಿ.

ಚಹಾಪುಡಿಯಲ್ಲಿ ಬಣ್ಣ ಬೆರೆಸಿದ್ದಾರೋ ಏನೋ ಅನ್ನುವ ಗದಗಿನ ಓದುಗರು ಒಂದು ಬಿಳೇ ಸೋಸು ಕಾಗದದ ಮೇಲೆ ಚಿಟಿಕೆ ಪುಡಿ ಹರಡಿ, ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಡಿರಿ. ಪುಡಿ ಕೊಡವಿ, ನಲ್ಲಿಯ ಕೆಳಗೆ ಕಾಗದ ತೊಳೆದು ಬೆಳಕಿಗೆ ಹಿಡಿದಾಗ ಗಾಢ ಕಲೆ ಉಳಿದಿದ್ದರೆ ಆ ಪುಡಿ ಬೇಡ.

ಬಾಯಾರ, ನಮ್ಮ ಅತ್ತಿಯವರು ಚಹಾ ಬಸಿಗೆ ಹಾಕ್ಕೊಂಡು ಸೊರ್ ಅಂತ ಸಪ್ಪಳ ಮಾಡಿ ಕುಡೀತಾರ. ಬೆಂಗಳೂರಿನ ಬೀಗರು ಬಂದಾಗ ನಮಗ ನಾಚಿಕಿ. ಬಸಿ ಬಿಡಸೋದು ಹ್ಯಾಂಗ?
– ಸೊಸೆ, ಅಣ್ಣಿಗೇರಿ

ಬಿಡಿಸಬೇಡವ್ವಾ. ಈ ವಿಷಯದಲ್ಲಿ ನಾನೇ ತಪ್ಪಿತಸ್ಥೆ. ನಮ್ಮ ಅವ್ವ ಕೊನೆಯವರೆಗೂ ಬಸಿಯಲ್ಲೇ, ಅಂದರೆ ಸಾಸರಿನಲ್ಲೇ, ಕುಡಿದಳು. ಹಿತ್ತಾಳೆಯ ಬೋಗುಣಿಯಿಂದ ಕಪ್ಪಿಗೆ, ಕಪ್ಪಿನಿಂದ ಬಸಿಗೆ, ಎರಡೂ ಕೈಯಿಂದ ಬಸಿ ಎತ್ತಿ ಒಂದು ಸಲ ಊದಿ ಕುಡಿಯುವಳು. ಮೆಡಿಕಲ್ ಓದುತ್ತಿದ್ದಾಗ ಒಂದು ಸಲ ಗೆಳತಿಯರನ್ನು ಮನೆಗೆ ಕರಕೊಂಡು ಬಂದಿದ್ದೆ. ಬಸಿಗಳನ್ನೆಲ್ಲ ಒಳಗೆ ಮುಚ್ಚಿಟ್ಟು ಬರೀ ಕಪ್ಪು ಇಟ್ಟೆ. ಅವ್ವ ಏನೂ ಅನ್ನಲಿಲ್ಲ. ಎಲ್ಲರೂ ಕುಡಿದಾದ ಮೇಲೆ ತನ್ನ ಪಾಲಿನದನ್ನು ಅಡಿಗೆಮನೆಯಲ್ಲಿ ತಾಟಿಗೆ ಸುರುವಿಕೊಂಡು ಕುಡಿದಳು. ನಾನು ನೋಡಿದೆ.

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಒಂದು ತೀರ್ಮಾನ ಹೇಳಿತು: 65 ಡಿಗ್ರಿಗಿಂತ ಹೆಚ್ಚು ಬಿಸಿ ಇರುವಾಗ ಕುಡಿಯುವ ಪಾನೀಯ, ಅದು ಯಾವುದೇ ಇರಲಿ, ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವ ಇದೆ. ಉತ್ತರ ಇರಾನಿನ ಗೋಲೆಸ್ತಾನ್ ಅನ್ನುವ ಸೀಮೆಯಲ್ಲಿ ಕುದಿ ಕುದಿ ಚಹಾ ಕುಡಿಯುವವರಲ್ಲಿ ಆ ಕ್ಯಾನ್ಸರ್ ಹೆಚ್ಚು ಅಂತ ಮೊದಲೇ ಗೊತ್ತಾಗಿತ್ತು. ತಪ್ಪು ಎಲೆಯದಲ್ಲ, ಬಿಸಿಯದು. ಅದನ್ನು ಓದಿದ ದಿನ ಸಂಜೆ ನಾನು ಪ್ರಯೋಗಕ್ಕೆ ಕೂತೆ. ಬೋಗುಣಿಯಿಂದ ಆಗಷ್ಟೇ ಸೋಸಿದ ಚಹಾ ಕಪ್ಪಿನಲ್ಲಿ 82 ಡಿಗ್ರಿ ತೋರಿಸಿತು. ಎರಡು ನಿಮಿಷ ಬಿಟ್ಟು ನೋಡಿದರೂ 75. ಅದೇ ಚಹಾವನ್ನು ಬಸಿಗೆ ಸುರುವಿ, ಒಂದು ನಿಮಿಷ ಬಿಟ್ಟು ಥರ್ಮಾಮೀಟರು ಅದ್ದಿದೆ: 60. ನಾನು ಓದಿ ತಿಳಿದುಕೊಂಡದ್ದು ಅವ್ವನ ಕೈಗೆ ಮೊದಲೇ ಗೊತ್ತಿತ್ತು. ಹೇಳೋಣ ಅಂದರೆ ಅಷ್ಟರಲ್ಲಿ ಅವ್ವ ಇರಲಿಲ್ಲ.

ಬೀಗರು ಬಂದಾಗ ನೀವೂ ಒಂದು ಬಸಿ ತಗೊಂಡು ಅತ್ತೆಯವರ ಪಕ್ಕದಲ್ಲಿ ಕೂಡಿರಿ. ಸಪ್ಪಳಕ್ಕೆ ಮಾತ್ರ ನನ್ನ ಹತ್ತಿರ ಔಷಧ ಇಲ್ಲ.